ಅಜ್ಜಿಯ ಉಂಗುರದ ಕಂದುಗೆಂಪು ಹರಳು: ಗೋಮೇಧಿಕವೋ, ಹಕೀಕೋ, ಗಾಜೋ?

ಪ್ರಶ್ನೆ: ನಮ್ಮ ಅಜ್ಜಿ ವಿಜಯಪುರ ಜಿಲ್ಲೆಯವರು. ಅವರು ತೀರಿಹೋದ ಮೇಲೆ ಒಂದು ಬೆಳ್ಳಿ ಉಂಗುರ ಮತ್ತು ದಾರ ಹರಿದ 11 ಮಣಿಗಳು ನನ್ನ ಪಾಲಿಗೆ ಬಂದವು. ಉಂಗುರದ ಹರಳು, ಮಣಿ ಎರಡೂ ಒಂದೇ ಬಣ್ಣ. ನೆರಳಲ್ಲಿ ಕಂದು, ಬಿಸಿಲಿಗೆ ಹಿಡಿದರೆ ಜೋನಿಬೆಲ್ಲದ ಹಾಗೆ ಕೆಂಪು. ಒಂದು ಅಂಗಡಿಯವರು ಗೋಮೇಧಿಕ ಎಂದರು. ಇನ್ನೊಬ್ಬರು ಹಕೀಕ್ ಎಂದರು. ಮೂರನೆಯವರು ಬಣ್ಣದ ಗಾಜು ಎಂದು ಕೈಗೆ ವಾಪಸ್ ಕೊಟ್ಟರು. ಫೋಟೋ ಕಳಿಸಿದ್ದೇನೆ. ಇದು ನಿಜಕ್ಕೂ ಏನು? ಬೆಲೆ ಇದೆಯೇ? ಉಂಗುರ ಮಗಳ ಬೆರಳಿಗೆ ಬಿಗಿ, ದೊಡ್ಡದು ಮಾಡಿಸಬಹುದೇ? ಅವಳಿಗೆ ರಕ್ತ ಕಡಿಮೆ ಇದೆ. ಈ ಕಲ್ಲು ಹಾಕಿಕೊಂಡರೆ ರಕ್ತ ಜಾಸ್ತಿ ಆಗುತ್ತದೆ ಎಂದು ನಮ್ಮ ಅತ್ತೆ ಹೇಳುತ್ತಾರೆ. ಹೌದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಉಳಿದದ್ದು ಕಾಯಬಹುದು, ಅದು ಕಾಯಬಾರದು.

ಈ ಕಲ್ಲಿನಲ್ಲಿ ಕಬ್ಬಿಣದ ಅಂಶ ಇರುವುದು ನಿಜ. ಅದರ ಕೆಂಪೇ ಕಬ್ಬಿಣದಿಂದ ಬಂದದ್ದು. ರಕ್ತದ ಕೆಂಪಿನಲ್ಲೂ ಕಬ್ಬಿಣ ಇದೆ. ಹಾಗಾಗಿ ಹಿಂದಿನವರು ಎರಡನ್ನೂ ಜೋಡಿಸಿ ನೋಡಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಕಲ್ಲಿನೊಳಗಿನ ಕಬ್ಬಿಣ ತುಕ್ಕಿನ ರೂಪದಲ್ಲಿ, ಮರಳಿನ ಮೂಲವಸ್ತುವಾದ ಗಟ್ಟಿ ಸಿಲಿಕಾದ ಒಳಗೆ ಸಿಕ್ಕಿಕೊಂಡಿದೆ. ಬೆರಳಿಗೆ ಹಾಕಿಕೊಂಡರೂ ಅಷ್ಟೇ, ನೀರಿನಲ್ಲಿ ನೆನೆಹಾಕಿ ಕುಡಿದರೂ ಅಷ್ಟೇ, ಮೈಗೆ ಒಂದು ಕಣವೂ ಸೇರುವುದಿಲ್ಲ. ಮಗಳಿಗೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಮಾತ್ರೆ ಕೊಡಿಸಿ. ರಕ್ತ ಕಡಿಮೆಯಾಗಲು ಕಾರಣ ಏನು ಅಂತಲೂ ಕೇಳಿ. ಉಂಗುರವನ್ನು ಮುತ್ತಜ್ಜಿಯ ನೆನಪು ಅಂತ ಹಾಕಿಕೊಳ್ಳಲಿ, ಬಹಳ ಚೆನ್ನಾಗಿರುತ್ತದೆ. ಮಾತ್ರೆಯ ಬದಲಿಗೆ ಮಾತ್ರ ಬೇಡ.

ಈಗ ಕಲ್ಲಿಗೆ ಬರೋಣ. ಫೋಟೋ ನೋಡಿ ಪೂರ್ತಿ ತೀರ್ಪು ಕೊಡುವುದು ಸರಿಯಲ್ಲ. ಆದರೂ ನಿಮ್ಮ ಮೂರನೆಯ ಚಿತ್ರದಲ್ಲಿ ಒಂದು ಮಣಿಯ ತೂತಿನ ಅಂಚು ಸ್ವಲ್ಪ ಚಕ್ಕೆ ಎದ್ದಿದೆಯಲ್ಲ, ಅದು ಬಹಳ ಹೇಳುತ್ತದೆ. ಗಾಜು ಒಡೆದ ಜಾಗ ಕನ್ನಡಿಯ ಹಾಗೆ ಫಳಫಳ ಹೊಳೆಯುತ್ತದೆ. ನಿಮ್ಮ ಮಣಿಯ ಚಕ್ಕೆ ಎದ್ದ ಜಾಗ ಮೇಣದ ಹಾಗೆ ಮಂಕಾಗಿದೆ. ಬಿಸಿಲಿಗೆ ಹಿಡಿದ ಚಿತ್ರದಲ್ಲಿ ಬೆಳಕು ಒಳಗೆ ಹರಡಿಕೊಂಡಿದೆ, ಆಚೆ ಬದಿಯ ನಿಮ್ಮ ಬೆರಳು ಕಾಣುತ್ತಿಲ್ಲ. ಇವೆರಡೂ ಚಾಲ್ಸೆಡನಿ ಎಂಬ ಕಲ್ಲಿನ ಗುಣ. ಅದರಲ್ಲಿ ಕಿತ್ತಳೆಗೆಂಪು ಬಣ್ಣದ್ದಕ್ಕೆ ಕಾರ್ನೀಲಿಯನ್ ಎನ್ನುತ್ತಾರೆ. ಕಂದಿನ ಕಡೆಗೆ ವಾಲಿದ್ದಕ್ಕೆ ಸಾರ್ಡ್ ಎನ್ನುತ್ತಾರೆ. ಎರಡರ ನಡುವೆ ಗೆರೆ ಎಳೆದವರು ಯಾರೂ ಇಲ್ಲ. ಅಂಗಡಿಯಲ್ಲಿ ಒಬ್ಬರು ಸಾರ್ಡ್ ಅಂದದ್ದನ್ನು ಇನ್ನೊಬ್ಬರು ಕಾರ್ನೀಲಿಯನ್ ಅಂತಾರೆ, ಇಬ್ಬರೂ ತಪ್ಪಲ್ಲ. ನಮ್ಮ ಕಡೆ ದರ್ಗಾಗಳ ಮುಂದೆ, ಸಂತೆಗಳಲ್ಲಿ ಮಾರುವವರು ಹಕೀಕ್ ಅಂತಾರೆ. ಅಕೀಕ್ ಎಂಬ ಅರಬ್ಬಿ ಹೆಸರು ಬಾಯಿಂದ ಬಾಯಿಗೆ ಬಂದು ಹಾಗಾಗಿದೆ. ಆ ಹೆಸರನ್ನು ಅಗೇಟ್ (ಪಟ್ಟೆಪಟ್ಟೆಯ ಚಾಲ್ಸೆಡನಿ) ಜಾತಿಯ ಎಲ್ಲ ಕಲ್ಲುಗಳಿಗೂ ಬಳಸುತ್ತಾರೆ. ಹಾಗಾಗಿ ನಿಮ್ಮ ಎರಡನೆಯ ಅಂಗಡಿಯವರ ಮಾತು ನನಗೆ ಸರಿ ಅನಿಸುತ್ತದೆ.

ಗೋಮೇಧಿಕದ ಗೊಂದಲ ಹೊಸದಲ್ಲ. ನವರತ್ನಗಳಲ್ಲಿ ರಾಹುವಿನ ಹರಳು ಎನ್ನುವ ಗೋಮೇಧಿಕ ಎಂದರೆ ಹೆಸೊನೈಟ್, ಅದು ಗಾರ್ನೆಟ್ ಎಂಬ ಬೇರೆಯೇ ಖನಿಜದ ಜಾತಿಯದು. ಬಣ್ಣ ಮಾತ್ರ ನೋಡಿದರೆ ಎರಡೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಆದರೆ ಹೆಸೊನೈಟ್ ಸಾಮಾನ್ಯವಾಗಿ ಪಾರದರ್ಶಕ. ಭೂತಗನ್ನಡಿ ಹಿಡಿದರೆ ಒಳಗೆ ಸಕ್ಕರೆ ಪಾಕವನ್ನು ನೀರಿಗೆ ಹಾಕಿ ಕಲಕಿದ ಹಾಗೆ ಸುಳಿಗಳು ಕಾಣುತ್ತವೆ. ಅದು ಭಾರವೂ ಹೌದು. ಒಳ್ಳೆಯ ಗೋಮೇಧಿಕದ ಬೆಲೆಗೂ ಹಕೀಕಿನ ಬೆಲೆಗೂ ಅಜಗಜಾಂತರ. ಹಾಗಾಗಿ ಅಗ್ಗದ ಹಕೀಕನ್ನು ಗೋಮೇಧಿಕ ಎಂದು ಮಾರುವ ಆಸೆ ಕೆಲವರಿಗೆ ಹುಟ್ಟುತ್ತದೆ. ಶಾಂತಿಗೆ, ಪೂಜೆಗೆ ಅಂತ ಯಾರಾದರೂ ಅವಸರ ಮಾಡಿಸಿ ಕೊಡುವ ಹರಳನ್ನು ಪ್ರಯೋಗಾಲಯದ ಚೀಟಿ ಇಲ್ಲದೆ ಕೊಳ್ಳಬೇಡಿ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ಬಿಡಿ ಮಣಿಗಳು ಇರುವುದರಿಂದ ನಿಮಗೆ ಅದು ಸುಲಭ. ಚಿಕ್ಕ ಡಿಜಿಟಲ್ ತಕ್ಕಡಿ ಬೇಕು, ಗ್ರಾಂನ ನೂರನೇ ಒಂದು ಭಾಗ ತೋರಿಸುವಂಥದ್ದು. ಮೊದಲು 11 ಮಣಿಗಳನ್ನೂ ಒಟ್ಟಿಗೆ ತೂಗಿ ಬರೆದಿಟ್ಟುಕೊಳ್ಳಿ. ಆಮೇಲೆ ಲೋಟದಲ್ಲಿ ನೀರು ಹಾಕಿ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ಮಣಿಗಳನ್ನು ತೆಳು ದಾರಕ್ಕೆ ಪೋಣಿಸಿ, ಪೂರ್ತಿ ಮುಳುಗುವಂತೆ, ತಳಕ್ಕೆ ತಾಗದಂತೆ ನೀರಿನಲ್ಲಿ ಇಳಿಬಿಟ್ಟು ಹಿಡಿಯಿರಿ. ತೂತಿನೊಳಗೆ ಗಾಳಿಗುಳ್ಳೆ ಉಳಿಯಬಾರದು. ಆಗ ತಕ್ಕಡಿ ಒಂದು ಸಂಖ್ಯೆ ತೋರಿಸುತ್ತದೆ. ಮೊದಲ ತೂಕವನ್ನು ಅದರಿಂದ ಭಾಗಿಸಿ. ಮಣಿಗಳು 22 ಗ್ರಾಂ ಇದ್ದು ನೀರಿನಲ್ಲಿ 8.46 ಬಂತು ಅಂದುಕೊಳ್ಳಿ, ಉತ್ತರ 2.60. ಚಾಲ್ಸೆಡನಿ ಸುಮಾರು 2.58ರಿಂದ 2.64ರ ಒಳಗೆ ಬರುತ್ತದೆ. ಅದೇ 22 ಗ್ರಾಂ ಗೋಮೇಧಿಕ ಆಗಿದ್ದರೆ ನೀರಿನಲ್ಲಿ 6ರ ಆಸುಪಾಸು ಮಾತ್ರ ತೋರಿಸುತ್ತಿತ್ತು, ಯಾಕೆಂದರೆ ಅದರ ಸಾಂದ್ರತೆ 3.6ಕ್ಕಿಂತ ಹೆಚ್ಚು. ಪ್ಲಾಸ್ಟಿಕ್ ಆದರೆ 1.5ರ ಕೆಳಗೇ ನಿಲ್ಲುವುದು ಹೆಚ್ಚು.

ಗಾಜನ್ನು ಮಾತ್ರ ತೂಕದಿಂದ ಹಿಡಿಯುವುದು ಕಷ್ಟ. ಮಾಮೂಲಿ ಗಾಜು 2.5ರ ಹತ್ತಿರ ಇರುತ್ತದೆ, ಸೀಸ ಹಾಕಿದ ಗಾಜು ಇನ್ನೂ ಭಾರ. ಅದಕ್ಕೆ ಇನ್ನೊಂದು ಉಪಾಯ ಇದೆ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಇದ್ದರೆ ಹಾಕಿಕೊಳ್ಳಿ. ಲ್ಯಾಪ್‌ಟಾಪಿನ ಪರದೆಯಲ್ಲಿ ಬಿಳಿ ಪುಟ ತೆರೆಯಿರಿ. ತಲೆಯನ್ನು ನಿಧಾನವಾಗಿ ವಾಲಿಸುತ್ತಾ ಹೋದರೆ ಒಂದು ಕೋನದಲ್ಲಿ ಪರದೆ ಕಪ್ಪಾಗುತ್ತದೆ. ಅಲ್ಲೇ ನಿಂತು ಮಣಿಯನ್ನು ಪರದೆಗೂ ಕಣ್ಣಿಗೂ ನಡುವೆ ಹಿಡಿದು ತಿರುಗಿಸಿ. ಗಾಜು, ಗೋಮೇಧಿಕ ಎರಡೂ ಬಹುಪಾಲು ಕಪ್ಪಾಗೇ ಉಳಿಯುತ್ತವೆ. ಚಾಲ್ಸೆಡನಿ ಹೇಗೆ ತಿರುಗಿಸಿದರೂ ಬೆಳಗುತ್ತಲೇ ಇರುತ್ತದೆ. ಅದರ ಒಳಗಿನ ಲಕ್ಷಾಂತರ ಸಣ್ಣ ಎಳೆಗಳು ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿರುವುದೇ ಇದಕ್ಕೆ ಕಾರಣ. ಪ್ರಯೋಗಾಲಯದಲ್ಲಿ ನಾವು ಬಳಸುವ ಪೋಲರಿಸ್ಕೋಪಿನಲ್ಲಿ ನಡೆಯುವುದೂ ಇದೇ ಕೆಲಸ. ದಯವಿಟ್ಟು ಚಾಕುವಿನಿಂದ ಕೆರೆದು, ಬೆಂಕಿಗೆ ಹಿಡಿದು ನೋಡುವ ಪರೀಕ್ಷೆ ಮಾಡಬೇಡಿ. ಕಲ್ಲು ಉಳಿದರೂ ಅಂದ ಹೋಗುತ್ತದೆ.

ಆ ಎಳೆಗಳ ಬಗ್ಗೆ ಸ್ವಲ್ಪ ಹೇಳಲೇಬೇಕು. ಚಾಲ್ಸೆಡನಿ ಎಂದರೆ ಸ್ಫಟಿಕ ಜಾತಿಯ ಸಿಲಿಕಾವೇ. ಸ್ಫಟಿಕದಲ್ಲಿ ಒಂದೇ ದೊಡ್ಡ ಹರಳು ಇರುತ್ತದೆ. ಇಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನಾರುಗಳು ಕಂಬಳಿಯ ಉಣ್ಣೆಯ ಹಾಗೆ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ವಜ್ರಕ್ಕೆ 10 ಎನ್ನುವ ಗಡಸುತನದ ಅಳತೆಯಲ್ಲಿ ಇದು 6.5ರಿಂದ 7. ಪದರಪದರವಾಗಿ ಸೀಳುವುದಿಲ್ಲ. ಹೆಣೆದುಕೊಂಡ ನಾರು ಇರುವುದರಿಂದ ಸೂಜಿಮೊನೆಯಷ್ಟು ಸಣ್ಣ ಕೆತ್ತನೆಯನ್ನೂ ಹಿಡಿದುಕೊಳ್ಳುತ್ತದೆ. ಹೊಳಪು ಕೊಟ್ಟರೆ ನೂರಾರು ವರ್ಷ ಹಾಗೇ ಇರುತ್ತದೆ. ಮುದ್ರೆಯುಂಗುರಗಳಿಗೆ ಗ್ರೀಕರು, ರೋಮನ್ನರು ಈ ಕಲ್ಲನ್ನೇ ಹುಡುಕಿ ಆರಿಸಿಕೊಂಡದ್ದು ಇದಕ್ಕೇ. ಬಿಸಿ ಮೇಣದ ಮೇಲೆ ಒತ್ತಿ ತೆಗೆದರೆ ಮೇಣ ಅಂಟಿಕೊಂಡು ಬರುವುದಿಲ್ಲ, ಅಚ್ಚು ಚೊಕ್ಕವಾಗಿ ಮೂಡುತ್ತದೆ. ಈಜಿಪ್ಟಿನವರು ಇದನ್ನು ತಾಯಿತಗಳಿಗೆ ಬಳಸಿದರು. ಟುಟಾಂಖಾಮನ್‌ನ ಚಿನ್ನದ ಮುಖವಾಡದಲ್ಲೂ ಕಾರ್ನೀಲಿಯನ್ ಇದೆ. ಮುಸ್ಲಿಮರಲ್ಲಿ ಬೆಳ್ಳಿ ಉಂಗುರದಲ್ಲಿ ಅಕೀಕ್ ಧರಿಸುವುದು ಇಂದಿಗೂ ಗೌರವದ ರೂಢಿ, ಯೆಮನ್ ದೇಶದ ಅಕೀಕಿಗೆ ಅವರಲ್ಲಿ ವಿಶೇಷ ಬೆಲೆ.

ಬಣ್ಣದ ವಿಷಯ ನನಗೆ ಬಹಳ ಇಷ್ಟವಾದದ್ದು. ನೆಲದಿಂದ ತೆಗೆದಾಗ ಈ ಕಲ್ಲು ಹೆಚ್ಚಾಗಿ ಕೆಂಪಗೆ ಇರುವುದಿಲ್ಲ. ಮಂಕು ಹಳದಿ, ಮಣ್ಣುಕಂದು, ಒಮ್ಮೊಮ್ಮೆ ಬೂದು. ಒಳಗಿರುವ ಕಬ್ಬಿಣ ಆಗ ನೀರು ಸೇರಿಕೊಂಡ ರೂಪದಲ್ಲಿರುತ್ತದೆ, ಅದರ ಬಣ್ಣ ಹಳದಿಕಂದು. ಬಿಸಿ ಮಾಡಿದರೆ ಆ ನೀರು ಹೋಗಿ ಅದೇ ಕಬ್ಬಿಣ ಕೆಂಪಾಗುತ್ತದೆ. ಹಸಿ ಇಟ್ಟಿಗೆ ಭಟ್ಟಿಯಲ್ಲಿ ಸುಟ್ಟ ಮೇಲೆ ಕೆಂಪಾಗುತ್ತದಲ್ಲ, ಅದೇ ಕತೆ. ಗುಜರಾತಿನ ಭರೂಚ್ ಜಿಲ್ಲೆಯ ರತನ್‌ಪುರದ ಸುತ್ತ ಗುಂಡಿ ತೋಡಿ ಈ ಗಟ್ಟಿಗಳನ್ನು ತೆಗೆಯುತ್ತಾರೆ. ಮೊದಲು ವಾರಗಟ್ಟಲೆ, ತಿಂಗಳುಗಟ್ಟಲೆ ಬಿಸಿಲಿಗೆ ಹರಡಿ ಒಣಗಿಸುತ್ತಾರೆ. ಆಮೇಲೆ ಮಡಕೆಗಳಲ್ಲಿ ತುಂಬಿ, ಸಗಣಿ ಬೆರಣಿಯದ್ದೋ ಮರದ ಹೊಟ್ಟಿನದ್ದೋ ನಿಧಾನ ಬೆಂಕಿಯಲ್ಲಿ ಬೇಯಿಸುತ್ತಾರೆ. ಅವಸರ ಮಾಡಿದರೆ ಒಳಗಿನ ತೇವ ಆವಿಯಾಗಿ ಕಲ್ಲು ಸೀಳಿಹೋಗುತ್ತದೆ. ಬೇಕಾದ ಕೆಂಪು ಬರುವ ತನಕ ಎರಡು ಮೂರು ಸಲ ಬೇಯಿಸುವುದೂ ಉಂಟು. ಬೆಂದ ಕಲ್ಲು ಚಕ್ಕೆ ಎಬ್ಬಿಸಲೂ ಸುಲಭವಾಗುತ್ತದೆ.

ಈಗ ಕೆಲವರು ‘ಇದು ಬಿಸಿ ಮಾಡಿದ ಕಲ್ಲು, ಅಸಲಿ ಅಲ್ಲ’ ಎಂದು ಹೆದರಿಸುತ್ತಾರೆ. ಕಾರ್ನೀಲಿಯನ್ ವಿಷಯದಲ್ಲಿ ನಾನು ಈ ಮಾತು ಒಪ್ಪುವುದಿಲ್ಲ. ಹರಪ್ಪದ ಕಾಲದಿಂದಲೂ, ಅಂದರೆ 4,000 ವರ್ಷಕ್ಕೂ ಹಿಂದಿನಿಂದ ಇದನ್ನು ಬೇಯಿಸಿಯೇ ಬಳಸಿದ್ದಾರೆ. ಬಣ್ಣ ಕಲ್ಲಿನ ಒಳಗಿನದೇ. ಅದು ಮಾಸುವುದಿಲ್ಲ. ಹೊರಗಿನಿಂದ ಬಣ್ಣ ಕುಡಿಸಿದ್ದು ಬೇರೆ ಮಾತು. ಚಾಲ್ಸೆಡನಿಯಲ್ಲಿ ಸಣ್ಣ ಸಣ್ಣ ರಂಧ್ರಗಳು ಇರುವುದರಿಂದ ಅದು ದ್ರಾವಣ ಹೀರಿಕೊಳ್ಳುತ್ತದೆ. ಜರ್ಮನಿಯ ಇಡಾರ್-ಓಬರ್‌ಸ್ಟೈನ್ ಊರಿನವರು 19ನೇ ಶತಮಾನದಲ್ಲಿ ಈ ಕೆಲಸವನ್ನು ದೊಡ್ಡ ಉದ್ಯಮವನ್ನಾಗಿ ಮಾಡಿದರು. ಬ್ರೆಜಿಲ್‌ನಿಂದ ಬಂದ ಬೂದು ಅಗೇಟನ್ನು ಕಬ್ಬಿಣದ ಲವಣದಲ್ಲಿ ನೆನೆಸಿ ಕಾಯಿಸಿದರೆ ಕಾರ್ನೀಲಿಯನ್ ಕೆಂಪು ಬರುತ್ತದೆ. ಈ ಬಣ್ಣವೂ ಗಟ್ಟಿಯೇ, ಆದರೆ ಮಾರುವಾಗ ಹೇಳಬೇಕು. ಅಗ್ಗದ ರಾಸಾಯನಿಕ ಬಣ್ಣ ಹಾಕಿದ್ದು ಬಿಸಿಲಿಗೆ ಮಾಸುತ್ತದೆ. ನಿಮ್ಮ ಮಣಿಗಳಲ್ಲಿ ಬಣ್ಣ ಬಿರುಕುಗಳಲ್ಲಿ, ತೂತಿನ ಸುತ್ತ ಮಾತ್ರ ಗಾಢವಾಗಿದೆಯಾ ನೋಡಿ. ಹಾಗಿದ್ದರೆ ಬಣ್ಣ ಕುಡಿಸಿದ್ದು. ಒಂದೇ ಮಣಿಯಲ್ಲಿ ಮೋಡದ ಹಾಗೆ ತಿಳಿಯಿಂದ ಗಾಢಕ್ಕೆ ಮೆಲ್ಲಗೆ ಹೋಗಿದ್ದರೆ ಅದು ಹುಟ್ಟು ಬಣ್ಣ.

ಇನ್ನು ನಿಮ್ಮ ಅಜ್ಜಿಯ ಊರಿನ ಮಾತು. ಅಲ್ಲಿನ ಎರೆಮಣ್ಣಿನ ಕೆಳಗೆ ಇರುವುದು ದಖ್ಖನ್‌ನ ಕಪ್ಪುಕಲ್ಲು. ಸುಮಾರು 6.6 ಕೋಟಿ ವರ್ಷ ಹಿಂದೆ ನೆಲ ಬಿರಿದು ಹರಿದ ಲಾವಾ ಆರಿ ಆದದ್ದು. ವಿಜಯಪುರ, ಬೆಳಗಾವಿ, ಕಲಬುರಗಿ, ಬೀದರ್ ಕಡೆಯ ದೊಡ್ಡ ಭಾಗ ಈ ಕಲ್ಲಿನ ಮೇಲೇ ಇದೆ. ಮಹಾರಾಷ್ಟ್ರದಿಂದ ಗುಜರಾತಿನವರೆಗೂ ಅದೇ ಹಾಸು. ಲಾವಾ ಆರುವಾಗ ಗಾಳಿಗುಳ್ಳೆಗಳು ಸಿಕ್ಕಿಕೊಂಡು ಪೊಳ್ಳುಗಳಾದವು, ಇಡ್ಲಿಯ ಮೈಯಲ್ಲಿ ತೂತು ಬಿದ್ದ ಹಾಗೆ. ಆಮೇಲೆ ಸಿಲಿಕಾ ಕರಗಿದ ನೀರು ಆ ಪೊಳ್ಳುಗಳಿಗೆ ಇಳಿದು, ಕಾಲಕ್ರಮದಲ್ಲಿ ಗಟ್ಟಿಯಾಗಿ ಅಗೇಟ್, ಚಾಲ್ಸೆಡನಿ ಆಯಿತು. ಕಪ್ಪುಕಲ್ಲು ಸವೆದು ಮಣ್ಣಾದರೂ ಈ ಗಟ್ಟಿಗಳು ಸವೆಯದೆ ಉಳಿದು ಹೊಳೆಯ ಗರಸಿನಲ್ಲಿ ಸೇರಿಕೊಳ್ಳುತ್ತವೆ. ಕೃಷ್ಣಾ, ಭೀಮಾ ದಂಡೆಯಲ್ಲಿ ಬೆಳೆದ ಮಕ್ಕಳು ಮಳೆಗಾಲ ಮುಗಿದ ಮೇಲೆ ಹೊಳೆಯುವ ಕಲ್ಲು ಆರಿಸಿ ಲಂಗದಲ್ಲಿ ಕಟ್ಟಿಕೊಂಡು ಬರುತ್ತಿದ್ದರಲ್ಲ, ಅವುಗಳಲ್ಲಿ ಎಷ್ಟೋ ಇವೇ. ರತನ್‌ಪುರದ ಕಲ್ಲೂ ಮೂಲದಲ್ಲಿ ಇದೇ ಲಾವಾದ ಮಗು. ಅಲ್ಲೂ ಅದು ಸಿಗುವುದು ಹಳೆಯ ಗರಸಿನ ಪದರದಲ್ಲಿ.

ಹಾಗಂತ ನಿಮ್ಮ ಮಣಿಗಳು ವಿಜಯಪುರದ ಹೊಲದಲ್ಲೇ ಸಿಕ್ಕಿದ ಕಲ್ಲಿನವು ಎಂದು ನಾನು ಹೇಳುತ್ತಿಲ್ಲ. ಮಣಿ ಮಾಡುವ ದೊಡ್ಡ ಊರು ಖಂಭಾತ್, ಗುಜರಾತಿನ ಕೊಲ್ಲಿಯ ತಲೆಯ ಮೇಲಿದೆ. ರತನ್‌ಪುರದ ಕಲ್ಲು ಅಲ್ಲಿಗೆ ಹೋಗಿ ಮಣಿಯಾಗಿ, ಹಡಗು ಹತ್ತಿ ಅರಬ್ ದೇಶಗಳಿಗೆ, ಆಫ್ರಿಕಾಕ್ಕೆ ಹೋಗುತ್ತಿತ್ತು. ರತನ್‌ಪುರದ ಗುಡ್ಡದ ಮೇಲೆ ಬಾವಾ ಘೋರ್ ಎಂಬ ಸಂತರ ದರ್ಗಾ ಇದೆ. ಈ ಕಲ್ಲಿನ ಕಸುಬಿಗೆ ಅವರೇ ಮೂಲಪುರುಷ ಎಂದು ಅಲ್ಲಿನವರು ನಂಬುತ್ತಾರೆ. ಅವರನ್ನು ಪೂಜ್ಯರೆಂದು ನಡೆದುಕೊಳ್ಳುವ ಸಿದ್ದಿಗಳು ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಹಾಗೆಯೇ ಆಫ್ರಿಕಾ ಮೂಲದವರು.

ಖಂಭಾತಿನಲ್ಲಿ ಮಣಿ ಮಾಡುವುದನ್ನು ನಾನು ಕೂತು ನೋಡಿದ್ದೇನೆ. ನೆಲಕ್ಕೆ ಓರೆಯಾಗಿ ನೆಟ್ಟ ಕಬ್ಬಿಣದ ಗೂಟದ ಮೊನೆಗೆ ಕಲ್ಲನ್ನು ಒತ್ತಿ ಹಿಡಿಯುತ್ತಾರೆ. ಇನ್ನೊಂದು ಕೈಯಲ್ಲಿ ಎಮ್ಮೆ ಕೊಂಬಿನ ಸುತ್ತಿಗೆ. ಕೊಂಬಿನಿಂದ ಹಗುರಾಗಿ ತಟ್ಟಿದರೆ ಚಕ್ಕೆ ಏಳುವುದು ಆಚೆ ಬದಿಯಲ್ಲಿ, ಗೂಟ ತಾಗಿದ ಕಡೆ. ಹತ್ತಿಪ್ಪತ್ತು ಏಟಿಗೆ ಒರಟು ಮಣಿಯ ಆಕಾರ ಬಂದುಬಿಡುತ್ತದೆ. ಆಮೇಲೆ ಉಜ್ಜುವುದು, ಆಮೇಲೆ ಬಿಲ್ಲಿನ ಬೈರಿಗೆಯಿಂದ ತೂತು ಕೊರೆಯುವುದು. ಬೈರಿಗೆಯ ತುದಿಯಲ್ಲಿ ವಜ್ರದ ಸಣ್ಣ ಚೂರುಗಳಿರುತ್ತವೆ. ಅರ್ಧ ತೂತು ಒಂದು ಕಡೆಯಿಂದ, ಇನ್ನರ್ಧ ಇನ್ನೊಂದು ಕಡೆಯಿಂದ. ಎರಡೂ ನಡುವೆ ಸರಿಯಾಗಿ ಸೇರಬೇಕು. ಅಳತೆಗೋಲು ಇಲ್ಲ, ಕೈಯ ಅಂದಾಜೇ ಎಲ್ಲ.

ಹರಪ್ಪದವರ ಹತ್ತಿರ ವಜ್ರದ ಬೈರಿಗೆ ಇರಲಿಲ್ಲ. ಆದರೂ ಅವರು 10 ಸೆಂಟಿಮೀಟರಿಗೂ ಉದ್ದದ ಕಾರ್ನೀಲಿಯನ್ ಮಣಿಗಳಿಗೆ ಈ ತುದಿಯಿಂದ ಆ ತುದಿಗೆ ತೂತು ಕೊರೆದರು. ಅದಕ್ಕೆ ಒಂದು ವಿಶೇಷ ಗಡಸು ಕಲ್ಲಿನ ಬೈರಿಗೆ ಬಳಸುತ್ತಿದ್ದರು. 1935-36ರಲ್ಲಿ ಸಿಂಧ್ ಪ್ರಾಂತ್ಯದ ಹರಪ್ಪ ಕಾಲದ ಊರಾದ ಚನ್ಹುದಾರೋದ ಮಣಿ ಕಾರ್ಖಾನೆಯನ್ನು ಅಗೆದ ಅರ್ನೆಸ್ಟ್ ಮ್ಯಾಕೆ ಅವರ ನೆನಪಿಗೆ ಆ ಕಲ್ಲನ್ನು ಅರ್ನೆಸ್ಟೈಟ್ ಎನ್ನುತ್ತಾರೆ. ಪುರಾತತ್ವಜ್ಞ ಮಾರ್ಕ್ ಕೆನೋಯರ್ ಖಂಭಾತಿನ ಕಸುಬುದಾರರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿ, ಆ ಬೈರಿಗೆಯಿಂದ ಕೊರೆದೂ ನೋಡಿದರು. ಗಂಟೆಗೆ ಸುಮಾರು 2.5 ಮಿಲಿಮೀಟರ್ ಇಳಿಯಿತು. ಒಂದು ಉದ್ದ ಮಣಿಯ ತೂತಿಗೇ ದಿನಗಟ್ಟಲೆ ಬೇಕು. ಕರಾಚಿ ಹತ್ತಿರದ ಅಲ್ಲಾಹದಿನೋದಲ್ಲಿ 36 ಉದ್ದ ಮಣಿಗಳ ಸೊಂಟಪಟ್ಟಿ ಸಿಕ್ಕಿದೆ. ಅದನ್ನು ಮಾಡಲು 480 ದಿನಕ್ಕೂ ಹೆಚ್ಚಿನ ಕೆಲಸ ಹಿಡಿದಿರಬೇಕು ಎಂಬುದು ಅವರ ಲೆಕ್ಕ. ಇಂಥದ್ದೇ ಇನ್ನೊಂದು ಪಟ್ಟಿ ಮೊಹೆಂಜೊದಾರೋದಲ್ಲಿ ಸಿಕ್ಕಿತ್ತು. ದೇಶ ಒಡೆದಾಗ ಅದರ ಮಣಿಗಳನ್ನೂ ಎರಡು ದೇಶಗಳ ನಡುವೆ ಹಂಚಿಬಿಟ್ಟರು. ಅದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಇದೇ ಮಣಿಗಳು ಇರಾಕಿನ ಊರ್ ಎಂಬ ಹಳೆಯ ನಗರದ ರಾಜಮನೆತನದ ಸಮಾಧಿಗಳಲ್ಲೂ ಸಿಕ್ಕಿವೆ. 1920ರ ದಶಕದಲ್ಲಿ ಲಿಯೊನಾರ್ಡ್ ವೂಲಿ ಅಗೆದು ತೆಗೆದದ್ದು. ಸುಮಾರು 4,100 ವರ್ಷ ಹಿಂದೆ ಅಲ್ಲಿನ ಲಗಾಶ್ ಎಂಬ ನಗರರಾಜ್ಯದ ದೊರೆ ಗುಡೇಯಾ ತನ್ನ ಶಾಸನದಲ್ಲಿ ಮೆಲುಹ್ಹ ನಾಡಿನಿಂದ ಕಾರ್ನೀಲಿಯನ್ ಬಂತು ಎಂದು ಬರೆಸಿದ್ದಾನೆ. ಮೆಲುಹ್ಹ ಎಂದರೆ ಸಿಂಧೂ ಕಣಿವೆ ಎಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಕೆಲವು ಮಣಿಗಳ ಮೇಲೆ ಬಿಳಿ ಗೆರೆ, ಕಣ್ಣಿನ ಚಿತ್ತಾರ ಇರುತ್ತದೆ. ಅದು ಬಳಿದ ಬಣ್ಣ ಅಲ್ಲ. ಕ್ಷಾರದ ಲೇಪದಿಂದ ಚಿತ್ರ ಬರೆದು ಬೆಂಕಿಯಲ್ಲಿ ಕಾಯಿಸಿದರೆ ಕಲ್ಲಿನ ಮೈಯೇ ಅಲ್ಲಿ ಬೆಳ್ಳಗಾಗುತ್ತದೆ.

ನಮ್ಮ ನೆಲದಲ್ಲೂ ಈ ಮಣಿಗಳ ಗುರುತು ಇದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದರು. ರಾಯಚೂರು ಜಿಲ್ಲೆಯ ಮಸ್ಕಿಯನ್ನು 1954ರಲ್ಲಿ ಬಿ.ಕೆ. ಥಾಪರ್ ಅಗೆದರು. ಎರಡೂ ಕಡೆ ಕಾರ್ನೀಲಿಯನ್ ಮಣಿಗಳು ಸಿಕ್ಕಿವೆ. ಅಶೋಕನ ಶಾಸನ ಇರುವ ಊರುಗಳು ಅಂತ ಶಾಲೆಯಲ್ಲಿ ಓದಿರುತ್ತೀರಿ. ಅಲ್ಲಿನ ಜನ ಕೊರಳಿಗೆ ಏನು ಹಾಕಿಕೊಳ್ಳುತ್ತಿದ್ದರು ಎಂಬುದನ್ನೂ ಮಕ್ಕಳಿಗೆ ಹೇಳಬೇಕು ಅನಿಸುತ್ತದೆ. ನಿಮ್ಮ ಮಣಿಗಳು ಅಷ್ಟು ಹಳೆಯವು ಅಂತಲ್ಲ. ಆದರೆ ಈ ನಾಡಿನ ಹೆಂಗಸರು ಇದೇ ಕೆಂಪನ್ನು 2,000 ವರ್ಷಕ್ಕೂ ಹಿಂದಿನಿಂದ ಇಷ್ಟಪಟ್ಟು ಧರಿಸಿದ್ದಾರೆ.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕು. ಖಂಭಾತಿನಲ್ಲಿ ಕಲ್ಲು ಉಜ್ಜುವವರ ಮನೆಗಳಲ್ಲಿ ಕೆಮ್ಮು ಕೇಳದ ಮನೆ ನನಗೆ ಕಡಿಮೆ ಸಿಕ್ಕಿತು. ಒಣ ಕಲ್ಲನ್ನು ಯಂತ್ರದ ಚಕ್ರಕ್ಕೆ ಒತ್ತಿದಾಗ ಏಳುವ ಸಿಲಿಕಾ ಧೂಳು ಕಣ್ಣಿಗೆ ಕಾಣದಷ್ಟು ಸಣ್ಣದು. ಅದು ಶ್ವಾಸಕೋಶದಲ್ಲಿ ಇಳಿದು ಅಲ್ಲೇ ಉಳಿಯುತ್ತದೆ. ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತದೆ. ಸಿಲಿಕೋಸಿಸ್ ಎಂಬ ಈ ಕಾಯಿಲೆಗೆ ವಾಸಿ ಮಾಡುವ ಔಷಧ ಇಲ್ಲ. ಕ್ಷಯ ಅಂಟಿಕೊಳ್ಳುವ ಅಪಾಯವೂ ಹೆಚ್ಚುತ್ತದೆ. ನಮ್ಮ ಕೋಲಾರದ ಚಿನ್ನದ ಗಣಿಯ ಕಾರ್ಮಿಕರನ್ನು ಕಾಡಿದ್ದೂ ಇದೇ. ಖಂಭಾತಿನಲ್ಲಿ ಬಹಳಷ್ಟು ಜನ ಮನೆಯ ಜಗಲಿಯಲ್ಲೇ ಈ ಕೆಲಸ ಮಾಡುತ್ತಾರೆ. ಹಾಗಾಗಿ ಧೂಳು ಹೆಂಗಸರು, ಮಕ್ಕಳು, ಪಕ್ಕದ ಮನೆಯವರು ಎಲ್ಲರ ಎದೆಗೂ ಹೋಗುತ್ತದೆ. ನೀರು ಹನಿಸುತ್ತಾ ಉಜ್ಜಿದರೆ, ಧೂಳು ಎಳೆಯುವ ಯಂತ್ರ ಇಟ್ಟರೆ ಇದನ್ನು ಬಹಳ ಮಟ್ಟಿಗೆ ತಡೆಯಬಹುದು. ಅದಕ್ಕೆ ಖರ್ಚಿದೆ. ನಾವು ಒಂದು ಸರದ ಬೆಲೆಯಲ್ಲಿ ಹತ್ತು ರೂಪಾಯಿ ಚೌಕಾಸಿ ಮಾಡುವಾಗ ಆ ಖರ್ಚು ಯಾರ ಎದೆಯಿಂದ ಹೋಗುತ್ತದೆ ಎಂದು ಯೋಚಿಸಬೇಕು. ಹೊಸ ಮಣಿ ಕೊಳ್ಳುವಾಗ ‘ನೀರು ಹಾಕಿ ಉಜ್ಜಿದ್ದಾ?’ ಎಂದು ಕೇಳಿ. ಕೇಳುವವರು ಹೆಚ್ಚಾದರೆ ಮಾರುವವರೂ ಅದನ್ನು ಕೇಳಿಸಿಕೊಳ್ಳುತ್ತಾರೆ.

ಬೆಲೆ ಕೇಳಿದ್ದೀರಿ. ಕಲ್ಲಿನ ಲೆಕ್ಕದಲ್ಲಿ ಇದು ದುಬಾರಿ ಅಲ್ಲ. ಭಾರತ, ಬ್ರೆಜಿಲ್, ಉರುಗ್ವೆ, ಮಡಗಾಸ್ಕರ್ ಎಲ್ಲ ಕಡೆ ಧಾರಾಳವಾಗಿ ಸಿಗುತ್ತದೆ. ಯಾರಾದರೂ ಇದನ್ನು ಮಾಣಿಕ್ಯದ ದರದಲ್ಲಿ ಕೇಳಿದರೆ ಎದ್ದು ಬನ್ನಿ. ಬೆಲೆ ಬರುವುದು ಕೆಲಸದಿಂದ. ಕೈಯಿಂದ ಕೊರೆದ ಹಳೆಯ ಮಣಿ, ಸಣ್ಣಗೆ ಅಕ್ಷರ ಕೆತ್ತಿದ ಮುದ್ರೆಹರಳು, ಒಂದೇ ಹದದ ಬಣ್ಣದ ಉದ್ದ ಸರ, ಇವಕ್ಕೆ ಸಂಗ್ರಾಹಕರು ಚೆನ್ನಾಗಿ ಕೊಡುತ್ತಾರೆ. ನಿಮ್ಮ ಉಂಗುರದ ಹರಳಿನ ಮೇಲೆ ಓರೆ ಬೆಳಕು ಬಿಟ್ಟು ನೋಡಿ. ಸವೆದ ಗೆರೆಗಳೇನಾದರೂ ಕಂಡರೆ ಅದು ಯಾರದೋ ಹೆಸರೋ, ಪ್ರಾರ್ಥನೆಯ ಸಾಲೋ ಇರಬಹುದು. ದಯವಿಟ್ಟು ಹೊಸದಾಗಿ ಪಾಲಿಶ್ ಮಾಡಿಸಬೇಡಿ. ಹಳೆಯ ಮೈಯ ಆ ನಯ ಒಮ್ಮೆ ಹೋದರೆ ವಾಪಸ್ ಬರುವುದಿಲ್ಲ.

ಉಂಗುರ ದೊಡ್ಡದು ಮಾಡಿಸಬಹುದು. ಆದರೆ ಪತ್ತಾರರ ಎದುರಿಗೇ ಕೂತು ಮಾಡಿಸಿ, ಹರಳನ್ನು ಮೊದಲು ಬಿಚ್ಚಿಸಿ. ಬೆಸುಗೆಯ ಬೆಂಕಿ ನೇರವಾಗಿ ಬಿದ್ದರೆ ಕಲ್ಲು ಬಿರುಕು ಬಿಡುತ್ತದೆ. ಕಾದ ಉಂಗುರವನ್ನು ತಣ್ಣೀರಿಗೆ ಅದ್ದಿದರಂತೂ ಖಂಡಿತ. ಎಷ್ಟೋ ವರ್ಷದ ಹಿಂದೆ ನನ್ನ ತಾಯಿಯ ಉಂಗುರಕ್ಕೆ ಹೀಗೇ ಆಯಿತು. ಹರಳಿನ ನಡುವೆ ಕೂದಲೆಳೆಯಂಥ ಬಿಳಿ ಗೆರೆ ಬಂತು, ಇಂದಿಗೂ ಇದೆ. ಇನ್ನೊಂದು ಮಾತು. ಹಳೆಯ ಉಂಗುರಗಳಲ್ಲಿ ಹರಳಿನ ಕೆಳಗೆ ಅರಗು ತುಂಬಿರುವುದು ಸಾಮಾನ್ಯ. ಹಾಗಾಗಿ ಕುದಿನೀರಿನಲ್ಲಿ ಹಾಕಿ ತೊಳೆಯಬೇಡಿ, ಅರಗು ಕರಗಿ ಹರಳು ಸಡಿಲವಾಗುತ್ತದೆ. ಬೆಳ್ಳಿಗೆ ಹುಣಸೆಹಣ್ಣು ಹಚ್ಚುವುದಾದರೆ ಹರಳಿನಿಂದ ದೂರ ಹಚ್ಚಿ. ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು, ಹಳೆಯ ಮೆತ್ತನೆ ಬ್ರಷ್ ಸಾಕು. ಒಣ ಬಟ್ಟೆಯಿಂದ ಧೂಳು ಉಜ್ಜುವ ಅಭ್ಯಾಸ ಬೇಡ, ಮನೆಯ ಧೂಳಿನಲ್ಲೂ ಈ ಕಲ್ಲಿನಷ್ಟೇ ಗಡಸಾದ ಮರಳಿನ ಕಣ ಇರುತ್ತದೆ. ವಜ್ರ, ನೀಲ, ಮಾಣಿಕ್ಯದ ಒಡವೆಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ, ಅವು ಇದನ್ನು ಗೀರುತ್ತವೆ.

ಮಣಿಗಳನ್ನು ಗಟ್ಟಿ ರೇಷ್ಮೆ ದಾರದಲ್ಲಿ, ಪ್ರತಿ ಎರಡು ಮಣಿಯ ನಡುವೆ ಗಂಟು ಹಾಕಿಸಿ ಪೋಣಿಸಿ. ಒಂದಕ್ಕೊಂದು ತಿಕ್ಕುವುದು ತಪ್ಪುತ್ತದೆ, ಹರಿದರೂ ಒಂದೇ ಮಣಿ ಉದುರುತ್ತದೆ. ಆದರೆ ಪೋಣಿಸುವ ಮೊದಲು ಒಂದು ಕೆಲಸ ಮಾಡಿ. ಒಂದೊಂದು ಮಣಿಯನ್ನೂ ಮೊಬೈಲ್ ಟಾರ್ಚಿನ ಮೇಲಿಟ್ಟು ಪಕ್ಕದಿಂದ ನೋಡಿ. ಕಲ್ಲು ಬೆಳಕನ್ನು ಒಳಗೆ ಹಾಯಲು ಬಿಡುವುದರಿಂದ ಒಳಗಿನ ತೂತು ನೆರಳಿನ ಹಾಗೆ ಕಾಣುತ್ತದೆ. ಈ ತುದಿಯಿಂದ ಆ ತುದಿಗೆ ಗೆರೆ ಎಳೆದಂತೆ ನೇರ ಇದ್ದರೆ ಈಗಿನ ಯಂತ್ರದ್ದು. ಎರಡು ಕಡೆಯಿಂದ ಬಂದ ತೂತು ನಡುವೆ ಎಲ್ಲೋ ಕೂದಲಷ್ಟು ತಪ್ಪಿ ಸೇರಿದ್ದರೆ, ಅದು ಬಿಲ್ಲು ಹಿಡಿದು ಕೂತ ಒಬ್ಬ ಮನುಷ್ಯನ ಕೈಯದ್ದು. ಹಾಗೆ ಕಂಡ ಮಣಿಗಳ ಫೋಟೋ ತೆಗೆದು ನನಗೆ ಕಳಿಸಿ. ತೂತಿನ ಅಗಲ ಎರಡು ಬಾಯಿಯಲ್ಲೂ ಎಷ್ಟಿದೆ ಅಂತಲೂ ಅಳೆದು ಬರೆಯಿರಿ.